ನೆಲಸಂಪಿಗೆಯ ನೆರೆಕರೆ

ಹೂವೆಂದರೆ ಗಿಡದಲ್ಲಿರಬೇಕು, ಗಿಡವೆಂದರೆ ಅದಕ್ಕೆ ನಾಲ್ಕು ಎಲೆಯಾದರೂ ಇರಬೇಕು ಎಂಬುದು ಲೋಕರೂಢಿ. ಈ ರೂಢಿಯನ್ನು ಕಿಂಚಿತ್ತೂ ಲೆಕ್ಕಿಸದೆ, ಕಾಂಡವಿಲ್ಲದ, ಎಲೆಯಿಲ್ಲದ ಬರಿಯ ನೆಲವನ್ನು ಸೀಳಿಕೊಂಡು ಒಂದು ಬೆಳಿಗ್ಗೆ ನೇರವಾಗಿ ಎದ್ದು ಬರುವ ಹೂವೊಂದು ನಮ್ಮ ಕಾಸರಗೋಡಿನ ಹಳೆಯ ಮನೆಗಳ ಹಿತ್ತಿಲಲ್ಲಿ ಉಂಟು. ಅದೇ ನೆಲಸಂಪಿಗೆ. ಮೀನ ಮಾಸದ ಸೆಕೆ ತಾರಕಕ್ಕೇರಿ, ಬಾವಿಯ ನೀರು ತಳ ಕಂಡು, ತೆಂಗಿನ ಬುಡದ ಹುಲ್ಲು ಸಹ ಒಣಗಿ ನಾರಾದ ಹೊತ್ತಿನಲ್ಲಿ, ಗುಡುಗಿನೊಂದಿಗೆ ಬೇಸಗೆಯ ಒಂದು ಮಳೆ ಬಿದ್ದರೆ ಸಾಕು. ಕೆಲವೇ ದಿನಗಳಲ್ಲಿ ಮಣ್ಣಿನಲ್ಲೊಂದು ಬಿರುಕು ಕಾಣಿಸುತ್ತದೆ. ಬಿರುಕಿನಿಂದ ಚೂಪಾದ ಮೂತಿಗಳು ಹೊರಗೆ ಇಣುಕುತ್ತವೆ. ಮರುದಿನ ಹಲ್ಲುಜ್ಜುತ್ತಾ ಹಿತ್ತಿಲಿಗೆ ಹೋದವನಿಗೆ ನೆಲದ ಮೇಲೆ ಯಾರೋ ಬಿಳಿ ಹೂ ಚೆಲ್ಲಿ ಹೋದ ಹಾಗೆ ಕಾಣುತ್ತದೆ. ನೀಳವಾದ ಬಿಳಿ ಎಸಳು, ಕೆಳಗೆ ಎರಡಾಗಿ ಸೀಳಿದ ನೇರಳೆ ಬಣ್ಣದ ತುಟಿ. ಬಗ್ಗಿದರೆ ಪರಿಮಳ. ಒಂದು ಹೂವಿನ ಆಯುಷ್ಯ ಒಂದೇ ಹಗಲು. ಸಂಜೆಗೆ ಅದು ಬಾಡಿ ಮಣ್ಣಿಗೆ ಒರಗುತ್ತದೆ. ಮರುದಿನ ಅದೇ ಬುಡದಿಂದ ಇನ್ನೊಂದು. ಹೀಗೆ ಬಿಸುವಿನ ಆಚೆ ಈಚೆಗೆ ಮೂರು ನಾಲ್ಕು ವಾರ ಇದರ ದರ್ಬಾರು.

ಹೆಸರಿನ ವಿಷಯ ಸ್ವಲ್ಪ ಸ್ವಾರಸ್ಯಕರವಾದುದು. ಕನ್ನಡದವರು ನೆಲದ ಮೇಲೆ ಸಂಪಿಗೆಯನ್ನು ಕಂಡರು. ಸಂಸ್ಕೃತದಲ್ಲಿಯೂ ಇದು ಭೂಮಿಚಂಪಕವೇ. ಮಲಯಾಳದಲ್ಲಿ ಇದರ ಗೆಡ್ಡೆಗೆ ಚೆಂಗಳುನೀರ್ ಕಿಳಂಗು ಎನ್ನುತ್ತಾರೆ. ಚೆಂಗಳುನೀರ್ ಎಂದರೆ ಮೂಲತಃ ಕೆರೆಯಲ್ಲಿ ಅರಳುವ ಕೆನ್ನೈದಿಲೆ. ವೈದ್ಯರು ಇದೇ ಗೆಡ್ಡೆಗೆ ಹಲ್ಲಕ ಎಂದು ಹೇಳುತ್ತಾರೆ. ಅಮರಕೋಶ ತೆಗೆದು ನೋಡಿದರೆ ಹಲ್ಲಕವೂ ಕೆಂಪು ನೈದಿಲೆಯೇ. ನೀರು ನಿಂತರೆ ಕೊಳೆತು ಹೋಗುವ ಗಿಡಕ್ಕೆ ನೀರಿನ ಹೂವಿನ ಹೆಸರು ಹೇಗೆ ಅಂಟಿಕೊಂಡಿತೋ, ತಿಳಿದವರು ಹೇಳಬೇಕು. ಡಚ್ಚರ ಕಾಲದಲ್ಲಿ ಕೊಚ್ಚಿಯ ಗವರ್ನರನಾಗಿದ್ದ ವಾನ್ ರೀಡ್ ಎಂಬವನು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರ ಹಾಗೂ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರ ನೆರವಿನಿಂದ ಮಾಡಿಸಿದ ‘ಹೋರ್ತುಸ್ ಮಲಬಾರಿಕುಸ್’ ಎಂಬ ಮಹಾಗ್ರಂಥ ಆಮ್‌ಸ್ಟರ್‌ಡಾಮ್‌ನಲ್ಲಿ 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತಷ್ಟೆ. ಅದರ ಹನ್ನೊಂದನೆಯ ಸಂಪುಟದಲ್ಲಿ ನಮ್ಮ ನೆಲಸಂಪಿಗೆ ‘ಮಲನ್ ಕುವ’ ಎಂಬ ಹೆಸರಿನಲ್ಲಿ ಕುಳಿತಿದೆ; ಅಂದರೆ ಮಲೆಯ ಕೂವೆ. ಆಮೇಲೆ 1753ರಲ್ಲಿ ಲಿನ್ನೇಯಸ್ ಇದಕ್ಕೆ ಕೆಂಪ್ಫೆರಿಯ ರೊಟುಂಡ ಎಂದು ನಾಮಕರಣ ಮಾಡಿದ. ಜಪಾನಿನಲ್ಲಿ ಎರಡು ವರ್ಷ ಇದ್ದು ಬಂದ ಕೆಂಪ್ಫರ್ ಎಂಬ ಜರ್ಮನ್ ವೈದ್ಯನ ಗೌರವಾರ್ಥವಾಗಿ ಇಟ್ಟ ಹೆಸರು ಅದು. ನಮ್ಮ ಅಡಿಗೆಮನೆಯ ಹಿಂದಿನ ಗೆಡ್ಡೆಗೂ ಜಪಾನಿಗೂ ಏನು ಸಂಬಂಧ ಎಂದು ಕೇಳಬೇಡಿ.

ನಮ್ಮ ಮನೆಯ ನೆಲಸಂಪಿಗೆ ಅಮ್ಮನ ತವರಿನದು. ಅಮ್ಮ ಹುಟ್ಟಿದ್ದು 1950ರಲ್ಲಿ, ಬದಿಯಡ್ಕದ ಸಮೀಪ. ಆಗ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಆರು ವರ್ಷ ತುಂಬಿದಾಗ, 1956ರ ನವೆಂಬರ್ 1ರಂದು, ಮನೆಯಿಂದ ಒಂದು ಹೆಜ್ಜೆಯೂ ಕದಲದೆ ಅಮ್ಮ ಕೇರಳಕ್ಕೆ ಸೇರಿದರು. ಅವರ ಅಜ್ಜಿ ನೆಟ್ಟ ಗೆಡ್ಡೆಗಳೂ ಅವರ ಜೊತೆಗೆ ಸೇರಿದವು. 1974ರಲ್ಲಿ ಮದುವೆಯಾಗಿ ಕುಂಬಳೆ-ಉಪ್ಪಳಗಳ ನಡುವೆ ಹೆದ್ದಾರಿಯ ಬದಿಯ ನಮ್ಮ ಮನೆಗೆ ಬರುವಾಗ ಅಡಿಕೆ ಹಾಳೆಯಲ್ಲಿ ಸುತ್ತಿ ತಂದ ಐದು ಬುಡ, ನಾನು ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಅಂಗಳದ ತೆಂಕು ಬದಿಯನ್ನೆಲ್ಲ ಆವರಿಸಿತ್ತು. ಮಾವಿನ ಮರದ ನೆರಳು, ಬೆಳಗಿನ ಬಿಸಿಲು, ಇಳಿಜಾರಾದ ಮುರಕಲ್ಲು ಮಣ್ಣು. ಇಷ್ಟು ಸಿಕ್ಕಿದರೆ ನೆಲಸಂಪಿಗೆಗೆ ಬೇರೆ ಉಪಚಾರ ಬೇಡ.

ಬೇಡ ಎಂದರೂ ಅಮ್ಮ ಮಾಡುತ್ತಿದ್ದರು. ಅವರ ಕ್ರಮವನ್ನು ಇಲ್ಲಿ ಬರೆದಿಡುವುದು ಒಳ್ಳೆಯದೆಂದು ತೋರುತ್ತದೆ, ಏಕೆಂದರೆ ಇದನ್ನು ಬೆಳೆಸುವ ಬಗೆಯನ್ನು ಬಾಯಿಮಾತಿನಲ್ಲಿ ಹೇಳಿಕೊಟ್ಟವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಹೂ ಮುಗಿದ ಮೇಲೆ ಪತ್ತನಾಜೆಯ ಹೊತ್ತಿಗೆ ಎಲೆಗಳು ಸುರುಳಿಯಾಗಿ ಏಳುತ್ತವೆ. ಮೇಲ್ಗಡೆ ಹಕ್ಕಿಯ ಗರಿಯಂತೆ ಬೆಳ್ಳಿಯ ಚಿತ್ತಾರ, ಅಡಿಯಲ್ಲಿ ಕೆನ್ನೇರಳೆ. ಕಾರ್ತೆಲು, ಆಟಿ, ಸೋಣ ಮೂರು ತಿಂಗಳೂ ಅದು ಎಲೆಯಿಂದ ತಿಂದು ಗೆಡ್ಡೆಯಲ್ಲಿ ಕೂಡಿಡುವ ಕಾಲ. ಈ ಎಲೆಗಳನ್ನು ಅಂದಕ್ಕೆಂದು ಕೊಯ್ದರೆ ಬರುವ ವರ್ಷದ ಹೂವನ್ನು ಕೊಯ್ದ ಹಾಗೆ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರ್ ಮೀರಿ ಮಳೆ ಸುರಿಯುವುದರಿಂದ ಪಾತಿ ಒಂದು ಗೇಣು ಎತ್ತರವಿರಬೇಕು, ಬದಿಯಲ್ಲಿ ಕಣಿ ತೋಡಿರಬೇಕು. ತುಲಾ ಮಾಸದಲ್ಲಿ ಎಲೆ ಹಳದಿಯಾಗುತ್ತದೆ, ಧನುವಿಗೆ ಒಣಗಿ ಮಾಯವಾಗುತ್ತದೆ. ಅಲ್ಲಿಂದ ಮೂರು ತಿಂಗಳು ಅದಕ್ಕೆ ನೀರು ಹಾಕಬಾರದು. ತರಗೆಲೆ ಹೊದೆಸಿ, ನಾಲ್ಕು ಮೂಲೆಗೆ ಒಡೆದ ಹಂಚಿನ ಚೂರು ಊರಿ ಗುರುತು ಮಾಡಿ ಬಿಡಬೇಕು. ಗುರುತು ಇಲ್ಲದಿದ್ದರೆ ತೆಂಗಿನ ಬುಡ ಬಿಡಿಸಲು ಬಂದವರ ಹಾರೆ ಅಲ್ಲಿಗೇ ಬೀಳುತ್ತದೆ.

ಮೂರು ವರ್ಷಕ್ಕೊಮ್ಮೆ ಅಗೆದು ಬೇರೆ ಮಾಡಬೇಕು. ಇಲ್ಲದಿದ್ದರೆ ಒಂದರ ಮೇಲೊಂದು ಒತ್ತಿಕೊಂಡು ಹೂ ಕಡಿಮೆಯಾಗುತ್ತದೆ. ಅಗೆದಾಗ ನಡುವೆ ಗಂಟುಗಂಟಾದ ಗೆಡ್ಡೆ, ಅದರ ಬೇರುಗಳ ತುದಿಯಲ್ಲಿ ಮೊಟ್ಟೆಯಾಕಾರದ ಉಂಡೆಗಳು ನೇತಾಡುವುದು ಕಾಣುತ್ತದೆ. ಕೆಲವರು ಆಸೆಯಿಂದ ಉಂಡೆಗಳನ್ನು ಮಾತ್ರ ಒಯ್ದು ನೆಟ್ಟು, “ನಿಮ್ಮ ಹೂವು ನಮ್ಮಲ್ಲಿ ಹುಟ್ಟಲೇ ಇಲ್ಲ” ಎಂದು ಬಂದು ಹೇಳುವುದುಂಟು. ಮೊಳಕೆಯ ಕಣ್ಣು ಇರುವುದು ನಡುವಿನ ಗೆಡ್ಡೆಯಲ್ಲಿ. ಉಂಡೆ ಅದರ ಬುತ್ತಿ ಮಾತ್ರ. ಬುತ್ತಿ ನೆಟ್ಟರೆ ಮನುಷ್ಯ ಹುಟ್ಟುತ್ತಾನೆಯೇ? ಎರಡು ಬೆರಳು ಆಳದಲ್ಲಿ ಕಣ್ಣು ಮೇಲಾಗಿ ನೆಟ್ಟು, ಸುಡುಮಣ್ಣು ಮತ್ತು ಹಟ್ಟಿಗೊಬ್ಬರದ ಹುಡಿ ಹಾಕಿದರೆ ಮುಗಿಯಿತು. ಇದಕ್ಕೆ ಬೀಜ ಕಟ್ಟಿದ್ದನ್ನು ನಾನಂತೂ ನಮ್ಮ ಹಿತ್ತಿಲಲ್ಲಿ ಒಮ್ಮೆಯೂ ಕಂಡಿಲ್ಲ. ಹಕ್ಕಿ ಹೊತ್ತು ಒಯ್ಯುವುದಿಲ್ಲ, ಗಾಳಿ ಹಾರಿಸುವುದಿಲ್ಲ. ಒಬ್ಬರು ಅಗೆದು ಕೊಡಬೇಕು, ಇನ್ನೊಬ್ಬರು ಒಯ್ದು ನೆಡಬೇಕು.

ಈ ಕಾರಣಕ್ಕಾಗಿಯೇ ಅಮ್ಮ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದಾರೆ. ನಾನು ಬ್ಯಾಂಕಿನಲ್ಲಿ ಗುಮಾಸ್ತ. (ಈಚೆಗೆ ಆ ಪದವನ್ನು ತೆಗೆದು ಗ್ರಾಹಕ ಸೇವಾ ಸಹಾಯಕ ಎಂದು ಮಾಡಿದ್ದಾರೆ, ಕುರ್ಚಿ ಅದೇ, ಬೆನ್ನುನೋವೂ ಅದೇ.) ಕೆಲಸಕ್ಕೆ ಸೇರಿದ ವರ್ಷ ಸಿಕ್ಕಿದ ಡೈರಿಯನ್ನು ಅಮ್ಮನಿಗೆ ಕೊಟ್ಟಿದ್ದೆ. ಅದರಲ್ಲಿ ಯಾರಿಗೆ, ಯಾವ ವರ್ಷ, ಎಷ್ಟು ಗೆಡ್ಡೆ ಎಂದು ಅಂದವಾದ ಅಕ್ಷರದಲ್ಲಿ ಬರೆದಿದ್ದಾರೆ. ನೀರ್ಚಾಲಿನ ಅತ್ತಿಗೆಗೆ ಮೂರು. ಪೈವಳಿಕೆಯ ತಂಗಿಗೆ ಎರಡು. ಮುಂದೆ ಆವರಣದಲ್ಲಿ ‘ಹಂದಿ ತಿಂದಿತು, ಪುನಃ ಎರಡು’. ಒಳನಾಡಿನ ತೋಟಗಳಲ್ಲಿ ಕಾಡುಹಂದಿಯ ಉಪದ್ರವ ಎಷ್ಟೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. “ಇದು ಎಂತಕ್ಕಮ್ಮ?” ಎಂದು ಕೇಳಿದರೆ, “ನಮ್ಮದು ಹೋದರೆ ಕೇಳ್ಲಿಕ್ಕೆ ಎಲ್ಲಿಗೆ ಹೋಗುವುದು ಅಂತ ಗೊತ್ತಿರಬೇಕಲ್ಲ?” ಎಂದು ಉತ್ತರ. ಠೇವಣಿಯ ತತ್ತ್ವವನ್ನು ನಾನು ಕಲಿತದ್ದು ಬ್ಯಾಂಕಿನ ತರಬೇತಿಯಲ್ಲಿ ಅಲ್ಲ ಎಂದರೆ ಅತಿಶಯೋಕ್ತಿಯಾಗಲಾರದು.

ಆ ಡೈರಿಯ ಮೊದಲ ಪುಟದ ಮೊದಲ ಸಾಲು: ‘ಟೀಚರ್, 4.’ ಟೀಚರ್ ಎಂದರೆ ಹೆದ್ದಾರಿಯ ಆಚೆ ಬದಿಯಲ್ಲಿ, ನಮ್ಮ ಮನೆಯ ನೇರ ಎದುರಿಗೆ ಇರುವವರು. ಪಯ್ಯನ್ನೂರಿನ ಕಡೆಯಿಂದ ಇಲ್ಲಿಯ ಶಾಲೆಗೆ ಮಲಯಾಳ ಕಲಿಸಲು ಬಂದು, ನಿವೃತ್ತಿಯ ಮೇಲೂ ಇಲ್ಲಿಯೇ ನೆಲೆಸಿದರು. ಅವರಿಗೂ ಅಮ್ಮನಿಗೂ ಮೂವತ್ತು ವರ್ಷಗಳ ಒಡನಾಟ. ವಿಶೇಷವೆಂದರೆ ಅಮ್ಮ ಮಾತಾಡುವುದು ಕನ್ನಡ, ಟೀಚರ್ ಮಾತಾಡುವುದು ಮಲಯಾಳ. ಇಬ್ಬರೂ ಒಬ್ಬರ ಭಾಷೆಯನ್ನು ಇನ್ನೊಬ್ಬರು ಆಡಿದವರಲ್ಲ, ಆದರೆ ಅರ್ಥವಾಗದ ಮಾತು ಅವರ ನಡುವೆ ಇದ್ದಂತೆ ಕಾಣೆ. ಸಂಜೆ ನಾಲ್ಕರ ಚಹಾದ ಹೊತ್ತಿಗೆ ಒಬ್ಬರು ರಸ್ತೆ ದಾಟಿ ಬರುವುದು, ಇಲ್ಲವೇ ಇನ್ನೊಬ್ಬರು ಹೋಗುವುದು. ಹೋಗುವಾಗ ಕೈಯಲ್ಲೊಂದು ಸೌತೆಕಾಯಿ, ಬರುವಾಗ ನಾಲ್ಕು ನುಗ್ಗೆಕಾಯಿ. ಹೂವಿಗೆ ಅಮ್ಮ ನೆಲಸಂಪಿಗೆ ಎನ್ನುವರು, ಟೀಚರ್ ಚೆಂಗಳುನೀರ್ ಎನ್ನುವರು. ಹೆಸರಿನ ಬಗ್ಗೆ ಇಬ್ಬರ ನಡುವೆ ವಾದ ನಡೆದದ್ದಿಲ್ಲ.

ಹೀಗಿರುವಾಗ ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಗಳಿಗೆ ಅಗಲಗೊಳಿಸುವ ಕೆಲಸಕ್ಕೆ ಭೂಸ್ವಾಧೀನ ನಡೆಯಿತು. ತಲಪಾಡಿಯಿಂದ ಚೆಂಗಳದವರೆಗಿನ ಭಾಗದಲ್ಲಿ ನಮ್ಮ ಹಾಗೆ ಅಂಗಳ ಕಳೆದುಕೊಂಡವರು, ಅಂಗಡಿ ಕಳೆದುಕೊಂಡವರು, ಮನೆಯನ್ನೇ ಬಿಟ್ಟು ಕೊಟ್ಟವರು ಅನೇಕರು. ರಸ್ತೆ ಬೇಡವೆನ್ನಲು ನಾನು ಸಿದ್ಧನಿಲ್ಲ. ಆಸ್ಪತ್ರೆಗೆಂದು ಮಂಗಳೂರಿಗೆ ಓಡುವ ಊರಿನವರಿಗೆ ಒಳ್ಳೆಯ ರಸ್ತೆಯ ಬೆಲೆ ಗೊತ್ತು. ಪರಿಹಾರದ ಹಣವೂ ಬಂತು. ಕೌಂಟರಿನ ಈಚೆ ಕುಳಿತು, ಬದುಕಿನಲ್ಲಿ ಕಾಣದಷ್ಟು ಮೊತ್ತವನ್ನು ಪಾಸ್‌ಬುಕ್ಕಿನಲ್ಲಿ ಕಂಡು ಏನು ಮಾಡಬೇಕೆಂದು ತಿಳಿಯದೆ ನಿಂತ ಮುಖಗಳನ್ನು ನೋಡಿದ್ದೇನೆ. ಅದರಲ್ಲಿ ನಮ್ಮ ನೆರೆಕರೆಯವರೂ ಇದ್ದರು.

ಮರಗಳ ಲೆಕ್ಕ ತೆಗೆಯಲು ಅಧಿಕಾರಿಯೊಬ್ಬರು ಬಂದದ್ದು ಮಕರ ಮಾಸದಲ್ಲಿ. ತೆಂಕಣ ಜಿಲ್ಲೆಯ ತರುಣ, ಮರ್ಯಾದಸ್ಥ. ಚಪ್ಪಲಿ ಹೊರಗೆ ಬಿಟ್ಟೇ ಜಗಲಿ ಹತ್ತಿದರು. ತೆಂಗು ಆರು, ಮಾವು ಒಂದು, ಹಲಸು ಒಂದು, ನುಗ್ಗೆ ಒಂದು ಎಂದು ಬರೆದುಕೊಂಡರು. ಅಮ್ಮ ಅವರನ್ನು ಅಂಗಳದ ತೆಂಕು ಬದಿಗೆ ಕರೆದು ತರಗೆಲೆಯ ರಾಶಿಯನ್ನು ತೋರಿಸಿದರು. “ಇದನ್ನೂ ಬರೆಯಿರಿ.” ಆತ ನೋಡಿದರು. ಒಣಮಣ್ಣು, ನಾಲ್ಕು ಹಂಚಿನ ಚೂರು. “ಅಮ್ಮೇ, ಇವಿಡೆ ಒನ್ನುಂ ಇಲ್ಲಲ್ಲೋ” ಎಂದರು. ಅಮ್ಮನಿಗೆ ಅರ್ಥವಾಯಿತು, ಅನುವಾದಕ್ಕೆ ನನ್ನ ಮುಖ ನೋಡಲಿಲ್ಲ.

“ಉಂಟು. ಮಲಗಿದೆ.”

ಆತನಿಗೆ ನಾನು ಮಲಯಾಳದಲ್ಲಿ ವಿವರಿಸಿದೆ. ಚೆಂಗಳುನೀರ್ ಎಂದಾಗ ಅವರ ಮುಖ ಅರಳಿತು. ಅವರ ಅಜ್ಜಿಯ ಮನೆಯಲ್ಲಿಯೂ ಇತ್ತಂತೆ. ಆದರೆ ಕೋಷ್ಟಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತು, ಕೊನೆಗೆ ಅವರು ಬರೆಯದೆ ಹೋದರು. ಹೋಗುವಾಗ ಅಮ್ಮ ಅವರ ಕೈಗೆ ಎರಡು ಗೆಡ್ಡೆ ಕೊಟ್ಟರು. ಡೈರಿಯಲ್ಲಿ ‘ಅಳತೆಯವರು, 2’ ಎಂದಿದೆ.

ಯಂತ್ರಗಳು ಬರುವುದು ಯಾವಾಗ ಎಂಬುದು ಅಮ್ಮನ ದೊಡ್ಡ ಚಿಂತೆಯಾಯಿತು. ಎಲೆಯಿರುವಾಗ ಕಿತ್ತರೆ ಗೆಡ್ಡೆ ಬಲಿತಿರುವುದಿಲ್ಲ, ಹೂವಿರುವಾಗ ಕಿತ್ತರೆ ಹೂವೂ ಹೋಯಿತು ಬುಡವೂ ಹೋಯಿತು. 2021ರ ಮಳೆಗಾಲವಿಡೀ ಅವರು ಪ್ರತಿ ಬೆಳಿಗ್ಗೆ ಗೇಟಿನ ಬಳಿ ನಿಂತು ಉತ್ತರಕ್ಕೂ ದಕ್ಷಿಣಕ್ಕೂ ನೋಡುವುದಿತ್ತು. “ಧನು ಬರಲಿಕ್ಕೆ ಬಿಡಿ” ಎಂದು ಯಾರಿಗೆ ಹೇಳುತ್ತಿದ್ದರೋ. ನಾನು ಬ್ಯಾಂಕಿಗೆ ಹೋದ ಮೇಲೂ ದಿನಕ್ಕೊಮ್ಮೆ ಫೋನು: “ಮಂಜೇಶ್ವರದಲ್ಲಿ ಜೇಸಿಬಿ ಕಂಡರಂತೆ, ಹೌದಾ?” ಅಂತೂ ಧನು ಬಂತು, ಎಲೆ ಒಣಗಿತು. ಒಂದು ಆದಿತ್ಯವಾರ ನಾನೂ ಮಗಳೂ ಪಿಕ್ಕಾಸು ಹಿಡಿದು ಬೆಳಗಿನಿಂದ ಮಧ್ಯಾಹ್ನದ ವರೆಗೆ ಅಗೆದೆವು. ಅಮ್ಮ ಮಣೆ ಹಾಕಿ ಕುಳಿತು ಒಂದೊಂದನ್ನೂ ಮಣ್ಣು ಕೊಡವಿ ಗೋಣಿಯ ಮೇಲೆ ಹರಡಿದರು. ಐದು ಬುಡದಿಂದ ಆದದ್ದು ಎರಡು ದೊಡ್ಡ ಬುಟ್ಟಿ. ಕೇಳಿದವರಿಗೆಲ್ಲ ಕೊಟ್ಟರು, ಕೇಳದವರಿಗೂ ಕೊಟ್ಟರು. ಡೈರಿಯಲ್ಲಿ ಆ ವಾರಕ್ಕೆ ಮೂರು ಪುಟ. ಮರುವರ್ಷ, 2022ರಲ್ಲಿ, ಯಂತ್ರಗಳು ಬಂದವು. ಮಾವಿನ ಮರ ಬೀಳಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಅಮ್ಮ ಒಳಗೆ ಉದ್ದಿನ ಬೇಳೆ ಆರಿಸುತ್ತಿದ್ದರು, ಹೊರಗೆ ಬರಲಿಲ್ಲ.

ಉಳಿದ ಗೆಡ್ಡೆಗೆ ನಮ್ಮಲ್ಲಿ ಸಿಕ್ಕಿದ ಜಾಗ ಮನೆಯ ಹಿಂದೆ, ಬಚ್ಚಲಿನ ಗೋಡೆಗೂ ಪಕ್ಕದ ಕಾಂಪೌಂಡಿಗೂ ನಡುವಿನ ಎಂಟಡಿಯ ಪಟ್ಟಿ. ಬೇರೆ ಜಾಗವೇ ಇರಲಿಲ್ಲ. ಆ ವರ್ಷ ಅದು ಹೂ ಬಿಡಲಿಲ್ಲ. ಜಾಗ ಬದಲಿಸಿದ ವರ್ಷ ಮುನಿಸಿಕೊಳ್ಳುವುದು ಅದರ ಸ್ವಭಾವವಾದ್ದರಿಂದ ಅಮ್ಮ ಸುಮ್ಮನಿದ್ದರು. ಆದರೆ ಮಳೆಗಾಲದಲ್ಲಿ ಎರಡು ಬದಿಯ ನೀರೂ ಅಲ್ಲಿಗೇ ಹರಿದು ಬಂತು. ಕಣಿ ತೋಡಿದರೂ ಹೋಗಲು ದಾರಿಯಿಲ್ಲ. ಇಳಿಜಾರಿನ ತುದಿಯಲ್ಲಿ ಹೊಸ ರಸ್ತೆಯ ಮಣ್ಣು ಎರಡಾಳು ಎತ್ತರಕ್ಕೆ ಏರಿತ್ತು. ಸೋಣದಲ್ಲಿ ಮಣ್ಣು ಬಿಡಿಸಿ ನೋಡಿದರೆ ಅರ್ಧಕ್ಕರ್ಧ ಕೊಳೆತು ನಾರುತ್ತಿತ್ತು. ಉಳಿದವುಗಳೂ ಗಟ್ಟಿಯಿರಲಿಲ್ಲ.

ಗೆಡ್ಡೆಯ ಮಾತು ಹಾಗಿರಲಿ. ಅದಕ್ಕಿಂತ ಹೆಚ್ಚಿನದು ಟೀಚರರ ವಿಷಯ. ರಸ್ತೆ ಎತ್ತರವಾದ ಮೇಲೆ ನಮ್ಮ ಭಾಗದಲ್ಲಿ ಎರಡೂ ಬದಿಗೆ ಗೋಡೆ ಎದ್ದಿತು. ಎದುರು ಮನೆಯ ಹಂಚು ಸಹ ಕಾಣುವುದಿಲ್ಲ. ಆಚೆಗೆ ಹೋಗಬೇಕಾದರೆ ಸರ್ವಿಸ್ ರಸ್ತೆಯಲ್ಲಿ ಕೆಳದಾರಿಯ ವರೆಗೆ ನಡೆದು, ಸುರಂಗದ ಹಾಗಿರುವ ಅದನ್ನು ದಾಟಿ, ಆಚೆ ಬದಿಯಲ್ಲಿ ಅಷ್ಟೇ ದೂರ ಹಿಂದೆ ಬರಬೇಕು. ಒಟ್ಟು ಒಂದೂವರೆ ಕಿಲೋಮೀಟರ್. ಎಪ್ಪತ್ತು ದಾಟಿದ, ಮೊಣಗಂಟು ನೋವಿನ ಇಬ್ಬರು ಹೆಂಗಸರಿಗೆ ಅದು ಒಂದು ಜಿಲ್ಲೆಯಷ್ಟು ದೂರ. ರಾಜ್ಯದ ಗಡಿ ಬದಲಾದಾಗ ಅಮ್ಮನ ಚಹಾದ ಹೊತ್ತು ಬದಲಾಗಿರಲಿಲ್ಲ, ಈಗ ಬದಲಾಯಿತು. ಫೋನಿನಲ್ಲಿ ಮಾತಾಡಿಸಿದೆ. ಎದುರೆದುರು ಕುಳಿತಾಗ ಸರಾಗವಾಗಿ ನಡೆಯುತ್ತಿದ್ದ ಆ ಎರಡು ಭಾಷೆಯ ಸಂಭಾಷಣೆ ಫೋನಿನಲ್ಲಿ ಯಾಕೋ ಓಡಲಿಲ್ಲ. “ಎಂತ? ಎಂತ?” ಎಂದು ಅಮ್ಮ, “ಎಂದಾ? ಎಂದಾ?” ಎಂದು ಅವರು. ಮುಖ, ಕೈ, ಮಡಿಲಲ್ಲಿರುವ ನುಗ್ಗೆಕಾಯಿ ಎಲ್ಲ ಸೇರಿ ಅವರ ಭಾಷೆಯಾಗಿತ್ತೆಂದು ಆಗ ತಿಳಿಯಿತು.

2022ರ ಬಿಸುವಿನ ಮರುದಿನ, ನಮ್ಮಲ್ಲಿ ಒಂದೂ ಹೂವಿಲ್ಲದಿದ್ದ ಆ ವರ್ಷ, ಟೀಚರರ ಮೊಮ್ಮಗ ಸ್ಕೂಟರಿನಲ್ಲಿ ಬಂದ. ಸ್ಟೀಲಿನ ಡಬ್ಬಿ. ಒಳಗೆ ಒದ್ದೆ ಬಟ್ಟೆ, ಅದರ ಮೇಲೆ ಎರಡು ನೆಲಸಂಪಿಗೆ. ಅವರಲ್ಲಿ ಅಂದು ಒಂಬತ್ತು ಅರಳಿದ್ದವಂತೆ. ಅಮ್ಮ ಡಬ್ಬಿಗೆ ಮುಖ ಹಾಕಿ ಬಹಳ ಹೊತ್ತು ಕುಳಿತರು. ಧನು ಬಂದಾಗ ಡೈರಿ ತೆಗೆದು ಮೊದಲ ಪುಟದ ಮೊದಲ ಸಾಲಿಗೆ ಬೆರಳಿಟ್ಟು ನನಗೆ ತೋರಿಸಿದರು. ನಾನು ಕೆಳದಾರಿಯಿಂದ ಹೋಗಿ ಟೀಚರರಿಂದ ನಾಲ್ಕು ಬುಡ ತಂದೆ. ಅವರು ಆರು ಕೊಡಲು ಬಂದರು. ಅಮ್ಮ ಬರೆದದ್ದು ನಾಲ್ಕೇ ಆದ್ದರಿಂದ ನಾಲ್ಕೇ ಸಾಕೆಂದೆ. “ಎರಡು ಬಡ್ಡಿ” ಎಂದು ಮಲಯಾಳದಲ್ಲಿ ಹೇಳಿ ನಕ್ಕು ಚೀಲಕ್ಕೆ ಹಾಕಿಯೇ ಬಿಟ್ಟರು. ಈ ಸಲ ನೆಲಕ್ಕೆ ನೆಡಲಿಲ್ಲ. ಒಡೆದ ಹಂಚು, ಮುರಕಲ್ಲಿನ ತುಂಡು ಪೇರಿಸಿ ಎರಡಡಿ ಎತ್ತರದ ಕಟ್ಟೆ ಮಾಡಿ, ಅಡಿಗೆ ಜಲ್ಲಿ ಹಾಕಿ, ಮೇಲೆ ಮಣ್ಣು ತುಂಬಿಸಿದೆವು. 2023ರಲ್ಲಿ ಮೂರು ಹೂ. 2024ರ ಏಪ್ರಿಲಿನಲ್ಲಿ ಕೇರಳಕ್ಕೇ ಬಿಸಿಗಾಳಿ ಬಡಿದಾಗ ಬಿಸುವಿಗೆ ಒಂದೂ ಇರಲಿಲ್ಲ, ಮಳೆ ಬಂದ ಮೇಲೆ ಮೇ ತಿಂಗಳಲ್ಲಿ ಒಟ್ಟಿಗೇ ಎದ್ದವು. 2025ರಲ್ಲಿ ಮೇ 24ಕ್ಕೇ, ವಾಡಿಕೆಗಿಂತ ಎಂಟು ದಿನ ಮೊದಲು, ಮುಂಗಾರು ಕೇರಳ ಮುಟ್ಟಿತು. ಕೊನೆಯ ನಾಲ್ಕೈದು ಮೊಗ್ಗು ಮಳೆಗೆ ಸಿಕ್ಕಿ ಮಣ್ಣಾದವು. ನೆಲಮಟ್ಟದಲ್ಲಿ ಅರಳುವ ಹೂವಿಗೆ ನಮ್ಮ ಮಳೆಗಾಲ ಆಗಿಬರುವುದಿಲ್ಲ. ಅದಕ್ಕೇ ಇರಬೇಕು ಎಲೆಯನ್ನು ಕಾಯದೆ ಅದು ಮೊದಲೇ ಎದ್ದು ಮುಗಿಸುವುದು ಎಂಬುದು ನನ್ನ ಊಹೆ.

ಇದೇ ಸ್ವಭಾವದ ಹೂ ಬೇರೆ ಕಡೆಯೂ ಇದೆಯೆಂದು ನಮಗೆ ತೋರಿಸಿಕೊಟ್ಟವಳು ಹ್ಯಾಂಬರ್ಗಿನಲ್ಲಿರುವ ಅಕ್ಕನ ಮಗಳು. ಮಾರ್ಚಿನಲ್ಲೊಮ್ಮೆ ಫೋಟೋ ಕಳಿಸಿ, “ಮಾವಾ, ಅಜ್ಜಿಗೆ ತೋರಿಸಿ” ಎಂದು ಬರೆದಿದ್ದಳು. ಅಲ್ಲಿಂದ ಉತ್ತರಕ್ಕೆ ಹೂಸುಮ್ ಎಂಬ ಊರಿನ ಅರಮನೆಯ ತೋಟ; ಎಲೆ ಉದುರಿದ ಮರಗಳ ಅಡಿಯಲ್ಲಿ ನೆಲ ಕಾಣದಷ್ಟು ನೇರಳೆ ಹೂ. ಕ್ರೋಕಸ್. ಇವೂ ಗೆಡ್ಡೆಯಿಂದಲೇ, ಹಿಮ ಕರಗುವಷ್ಟರಲ್ಲಿ, ಮರಗಳು ಚಿಗುರಿ ಬಿಸಿಲನ್ನು ಮುಚ್ಚುವ ಮೊದಲೇ ಏಳುತ್ತವೆ. ಜಾತಿಯಲ್ಲಿ ನಮ್ಮದು ಶುಂಠಿಯ ಬಳಗ, ಅದು ಬೇರೆ ಬಳಗ. ನಮ್ಮ ಪಾಯಸಕ್ಕೆ ಹಾಕುವ ಕೇಸರಿ ಇದರ ಒಡಹುಟ್ಟು. ಕಾಶ್ಮೀರದ ಪಾಂಪೋರಿನಲ್ಲಿ ಅದು ಅರಳುವುದು ಮಾತ್ರ ಅಕ್ಟೋಬರ್-ನವೆಂಬರಿನಲ್ಲಿ. ಕೇಸರಿಗೂ ಬೀಜವಿಲ್ಲ, ಸಾವಿರಾರು ವರ್ಷಗಳಿಂದ ಮನುಷ್ಯರ ಕೈಯಿಂದ ಕೈಗೆ ಗೆಡ್ಡೆಯಾಗಿಯೇ ದಾಟಿ ಬಂದಿದೆ. ಹೂಸುಮ್‌ನಲ್ಲಿ ಒಂದು ಕತೆ ಹೇಳುತ್ತಾರಂತೆ: ಹಿಂದೆ ಅಲ್ಲಿದ್ದ ಸನ್ಯಾಸಿಗಳು ಕೇಸರಿ ಸಿಗುತ್ತದೆಂದು ಈ ಹೂವನ್ನು ನೆಟ್ಟರು, ಆದರೆ ಅದು ಕೇಸರಿ ಕೊಡುವ ಜಾತಿಯೇ ಆಗಿರಲಿಲ್ಲ. ಕೇಸರಿ ಸಿಗಲಿಲ್ಲ, ಹೂ ಮಾತ್ರ ತೋಟವಿಡೀ ಹಬ್ಬಿತು. ಈ ಕತೆ ಅಮ್ಮನಿಗೆ ಬಹಳ ಹಿಡಿಸಿತು. “ಒಳ್ಳೆಯದಾಯಿತು. ಕೇಸರಿ ಆಗಿದ್ದರೆ ಕೊಯ್ದು ಮಾರಿ ಮುಗಿಸುತ್ತಿದ್ದರು” ಎಂದರು.

ಹಿತ್ತಿಲಿನ ಈ ವ್ಯವಹಾರ ಇನ್ನು ಎಷ್ಟು ಕಾಲವೆಂಬ ಸಂದೇಹ ನನಗೆ ಬರುವುದುಂಟು. ಹೊಸ ಮನೆಗಳ ಅಂಗಳಕ್ಕೆಲ್ಲ ಈಗ ಇಂಟರ್‌ಲಾಕ್. ಚಪ್ಪಲಿಗೆ ಕೆಸರು ಅಂಟುವುದಿಲ್ಲ, ನಿಜ. ನೆಲದಿಂದ ಏಳುವುದಕ್ಕೆ ಯಾವುದಕ್ಕೂ ಎಡೆಯೂ ಇಲ್ಲ. ನಮ್ಮ ಮಕ್ಕಳು ಓದಲು ಹೋದವರು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ನಿಲ್ಲುತ್ತಾರೆ. ನನ್ನ ಮಗಳು ಇನ್ನೂ ಇಲ್ಲಿಯೇ ಇದ್ದಾಳೆ, ಕನ್ನಡ ಮಾಧ್ಯಮದಲ್ಲಿಯೇ ಓದುತ್ತಾಳೆ. ತರಗತಿಯಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ಪ್ರತಿ ಜೂನಿನಲ್ಲಿ ಬಂದು ಹೇಳುತ್ತಾಳೆ. ಊರಿನ ಗಿಡಗಳ ಬಗ್ಗೆ ಶಾಲೆಗೊಂದು ಪ್ರಾಜೆಕ್ಟ್ ಮಾಡಬೇಕಾಗಿ ಬಂದಾಗ ಅವಳು ಆರಿಸಿದ್ದು ಇದನ್ನೇ. ಅಜ್ಜಿಯಿಂದ ಕನ್ನಡದಲ್ಲಿ ಕೇಳಿ ಬರೆದಳು. ಆಮೇಲೆ ತಾನಾಗಿಯೇ ಸೈಕಲ್ ಹತ್ತಿ ಕೆಳದಾರಿಯಿಂದ ಟೀಚರರಲ್ಲಿಗೆ ಹೋಗಿ ಮಲಯ��ಳದ ಹೆಸರನ್ನು ಅವರ ಕೈಯಿಂದಲೇ ಬರೆಸಿಕೊಂಡು ಬಂದಳು. ಮರಳುವಾಗ ಟೀಚರ್ ಅವಳಲ್ಲಿ ನುಗ್ಗೆಕಾಯಿ ಕೊಟ್ಟು ಕಳಿಸಿದ್ದರು. ಮರುದಿನ ಅಮ್ಮ ಅವಳ ಸೈಕಲ್ಲಿನಲ್ಲಿ ಸೌತೆಕಾಯಿ ಇಟ್ಟರು. ಈಗ ಆದಿತ್ಯವಾರ ಆದಿತ್ಯವಾರ ಅವಳಿಗೆ ಇದೊಂದು ಕೆಲಸ. ಕೆಲವೊಮ್ಮೆ ರಿಕ್ಷಾ ಮಾಡಿ ಅಮ್ಮನನ್ನೂ ಕರೆದೊಯ್ಯುತ್ತಾಳೆ. ಹೋಗಿ ಬರಲು ರಿಕ್ಷಾದವನು ತೆಗೆದುಕೊಳ್ಳುವ ಹಣ ಕೇಳಿ ಅಮ್ಮ ದಾರಿಯಿಡೀ ಗೊಣಗುತ್ತಾರೆ, ಅಲ್ಲಿ ಮುಟ್ಟಿದ ಮೇಲೆ ಸಂಜೆಯಾದರೂ ಏಳುವುದಿಲ್ಲ.

ಈ ಲೇಖನ ಓದಿ ಗೆಡ್ಡೆ ಬೇಕೆನಿಸಿದವರು ಧನು ಮಾಸದಲ್ಲಿ ಬನ್ನಿ. ಹೂವಿರುವಾಗ ಬಂದರೆ ನೋಡಬಹುದು, ಚಹಾ ಸಿಗುತ್ತದೆ, ಗೆಡ್ಡೆ ಸಿಗುವುದಿಲ್ಲ. ಅಮ್ಮ ಆಗ ಪಾತಿಗೆ ಯಾರನ್ನೂ ಕೈ ಹಾಕಲು ಬಿಡುವವರಲ್ಲ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಕೊಳೆಯುತ್ತದೆ. ಬಟ್ಟೆಯ ಚೀಲ ತನ್ನಿ, ಇಲ್ಲದಿದ್ದರೆ ಹಾಳೆ ನಾವೇ ಕೊಡುತ್ತೇವೆ. ಹಣ ಕೊಡಲು ನೋಡಬೇಡಿ. ಡೈರಿಯಲ್ಲಿ ಹೆಸರು, ಊರು ಬರೆದು ಹೋದರೆ ಸಾಕು. ಕನ್ನಡದಲ್ಲಿ ಬರೆದರೂ ಆಗುತ್ತದೆ, ಮಲಯಾಳದಲ್ಲಿ ಬರೆದರೂ ಆಗುತ್ತದೆ. ಮಲಯಾಳದ್ದನ್ನು ಮಗಳು ಅಜ್ಜಿಗೆ ಓದಿ ಹೇಳುತ್ತಾಳೆ.